ವಿಭೂತಿ ಬಳಿದ ಕಿವಿ ಮಿಷನ್ನು

ಹೋದ ವಾರ ತುಮಕೂರಿನಲ್ಲಿ ಮೊಬೈಲಿಗೆ ಹೊಸ ಗಾಜು ಹಾಕಿಸಲು ಒಂದು ಸಣ್ಣ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ರಾಳ ಸುಟ್ಟ ಹೊಗೆ ಕೌಂಟರ್ ದಾಟಿ ಬಂದು ಮೂಗಿಗೆ ಬಡಿಯಿತು. ಸಾಂಬ್ರಾಣಿಗೂ ಸುಟ್ಟ ಪ್ಲಾಸ್ಟಿಕ್ಕಿಗೂ ನಡುವಿನ ವಾಸನೆ ಅದು, ಎಲ್ಲರಿಗೂ ಹಿಡಿಸುವಂಥದ್ದಲ್ಲ. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಾನು ಒಂದು ಹೆಜ್ಜೆ ಮುಂದಕ್ಕೆ ಹೋದೆ. ಗುಬ್ಬಿಯಲ್ಲಿ ಒಬ್ಬಳೇ ಕಳೆದ ಆ ಮಳೆಗಾಲ, ಹಿತ್ತಿಲ ಜಗಲಿ, ಅಲ್ಲಿ ಕೂತು ತೆಂಗಿನ ಗರಿ ಸೀಳುತ್ತಿದ್ದ ರುದ್ರಣ್ಣನವರು, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತಂತಾಯಿತು. ಅಂಗಡಿಯವನು "ಮೇಡಮ್, ಆಯ್ತು" ಎಂದು ಎರಡು ಸಲ ಹೇಳಬೇಕಾಯಿತು.

ಗುಬ್ಬಿಗೆ ನಾನಾಗಿಯೇ ವರ್ಗ ಕೇಳಿಕೊಂಡು ಹೋದವಳು. ಹುಟ್ಟಿದ್ದು ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ, ಮದುವೆಯಾಗಿ ಬಂದದ್ದು ತುಮಕೂರಿಗೆ, ಕೆಲಸ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯದು. ಮದುವೆ ಮುರಿದು ಕೋರ್ಟಿನ ಕಾಗದ ಕೈಗೆ ಬಂದ ಮೇಲೆ ತುಮಕೂರಿನ ಬೀದಿಗಳಲ್ಲಿ ಓಡಾಡುವುದೇ ಕಷ್ಟವಾಯಿತು. ತರಕಾರಿಯವನಿಗೂ ಹಾಲಿನವನಿಗೂ ನಾವಿಬ್ಬರೂ ಜೋಡಿಯಾಗಿಯೇ ಪರಿಚಯ. ಅಮೃತೂರಿಗೆ ಹೋಗೋಣವೆಂದರೆ ಅಲ್ಲಿ ಅಣ್ಣ ನನ್ನ ವಿಷಯವನ್ನು ನೆಂಟರಿಗೆ ಇನ್ನೂ ಹೇಳಿರಲಿಲ್ಲ. ಹೇಳದಿದ್ದರೆ ಆಗಿಯೇ ಇಲ್ಲ ಅನ್ನುವುದು ನಮ್ಮ ಮನೆಯ ಹಳೆಯ ಪದ್ಧತಿ. ಹಾಗಾಗಿ ಯಾರಿಗೂ ನನ್ನ ಗುರುತಿಲ್ಲದ ಗುಬ್ಬಿಯೇ ವಾಸಿ ಅನ್ನಿಸಿತು. ಮುಂಗಾರು ಶುರುವಾಗುವ ಹೊತ್ತಿಗೆ ಎರಡು ಸೂಟ್‌ಕೇಸು, ಒಂದು ಗ್ಯಾಸ್ ಒಲೆ ಹೊತ್ತುಕೊಂಡು ರುದ್ರಣ್ಣನವರ ಮನೆಯ ಹಿಂದಿನ ಪೋರ್ಷನ್ನಿಗೆ ಬಾಡಿಗೆಗೆ ಬಂದೆ.

ಗುರುತಿಲ್ಲದ ಊರಿನಲ್ಲೂ ಪ್ರಶ್ನೆಗಳಿಗೆ ಬರವಿಲ್ಲ. "ಮನೆಯವ್ರು ಎಲ್ಲಿದಾರೆ ಮೇಡಮ್?" ಎಂದು ಕಚೇರಿಯಲ್ಲಿ ಕೇಳಿದರು, ಹೂವಿನವಳು ಕೇಳಿದಳು, ಗ್ಯಾಸ್ ತಂದವನೂ ಕೇಳಿದ. "ಬೆಂಗ್ಳೂರಲ್ಲಿದಾರೆ" ಅನ್ನುತ್ತಿದ್ದೆ. ಅದೇನೂ ಸುಳ್ಳಲ್ಲ. ಅವರು ಬೆಂಗಳೂರಿನಲ್ಲೇ ಇದ್ದರು, ನನ್ನ ಮನೆಯವರಾಗಿ ಇರಲಿಲ್ಲ ಅಷ್ಟೇ. ಹಗಲು ಹೇಗೋ ಸಾಗುತ್ತಿತ್ತು. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟರೆ, ಬೆಳಗ್ಗೆ ಕಾಫಿ ಕುಡಿದು ಇಟ್ಟ ಲೋಟ ನಾನಿಟ್ಟ ಜಾಗದಲ್ಲೇ ಇರುತ್ತಿತ್ತು. ಇದರಲ್ಲಿ ಅಳುವಂಥದ್ದೇನಿದೆ ಎಂದು ಯಾರಾದರೂ ಕೇಳಬಹುದು. ಆದರೂ ಒಂದು ಸಂಜೆ ಆ ಲೋಟ ನೋಡಿ ಅತ್ತುಬಿಟ್ಟೆ.

ರಿಪೇರಿಯ ಹುಚ್ಚು ಹತ್ತಿದ್ದು ಒಂದು ರೇಡಿಯೊದಿಂದ. ಭಾನುವಾರಗಳನ್ನು ಮನೆಯಲ್ಲಿ ಕಳೆಯಲಾರದೆ ರೈಲು ಹತ್ತಿ ತುಮಕೂರಿಗೆ ಹೋಗಿ, ನನ್ನನ್ನು ಬಲ್ಲವರಿಲ್ಲದ ಓಣಿಗಳಲ್ಲಿ ಸುತ್ತುತ್ತಿದ್ದೆ. ಅಂಥ ಒಂದು ಓಣಿಯಲ್ಲಿ ಬಾಷಾ ಸಾಬರ ಗುಜರಿ ಅಂಗಡಿ. ಮುರಿದ ಮಿಕ್ಸಿ, ಟೇಪ್‌ರೆಕಾರ್ಡರು, ಕೆಟ್ಟ ಎಮರ್ಜೆನ್ಸಿ ಲೈಟುಗಳ ರಾಶಿಯ ಮೇಲೆ ಒಂದು ಪುಟ್ಟ ರೇಡಿಯೊ ಅಂಗಾತ ಬಿದ್ದಿತ್ತು. ಯಾಕೆ ಕೊಂಡೆನೋ ಗೊತ್ತಿಲ್ಲ. ಮನೆಗೆ ತಂದು ತರಕಾರಿ ಚಾಕುವಿನಿಂದ ತಿರುಪು ಬಿಚ್ಚಿದರೆ ಒಳಗೆ ಕಡಿದುಹೋದ ಕೆಂಪು ವೈರೊಂದು ಕಣ್ಣಿಗೇ ಕಾಣುತ್ತಿತ್ತು. ಕೈಯಲ್ಲಿ ಒತ್ತಿ ಹಿಡಿದೆ. ರೇಡಿಯೊ ಕರ್‌ರ್ ಎಂದು ಕೆಮ್ಮಿ, ಯಾರೋ ಬದನೆಗಿಡದ ರೋಗದ ಬಗ್ಗೆ ಮಾತಾಡತೊಡಗಿದರು. ಬದನೆಗೂ ನನಗೂ ಯಾವ ಸಂಬಂಧವೂ ಇಲ್ಲ. ಆದರೂ ಬೆರಳು ಬಿಡದೆ ಆ ಕಾರ್ಯಕ್ರಮ ಮುಗಿಯುವವರೆಗೂ ಕೇಳಿದೆ.

ಮರುವಾರವೇ ಸೋಲ್ಡರಿಂಗ್ ಐರನ್, ಒಂದು ಮೀಟರು ಕೊಂಡೆ. ಫೋನಿನಲ್ಲಿ ವಿಡಿಯೊ ನೋಡಿ ಕಲಿತ ವಿದ್ಯೆ, ಗುರುವಿಲ್ಲ. ಬೆರಳು ಸುಟ್ಟುಕೊಂಡೆ, ಒಳ್ಳೆಯ ಬೋರ್ಡುಗಳನ್ನೂ ಕೆಡಿಸಿದೆ. ಭಾನುವಾರ ಬಂತೆಂದರೆ ಬಾಷಾ ಸಾಬರ ಅಂಗಡಿ ತಪ್ಪುತ್ತಿರಲಿಲ್ಲ.

"ಏನ್ ಮೇಡಮ್, ಎಲ್ರೂ ಚೆನ್ನಾಗಿರೋದು ಕೊಡಿ ಅಂತಾರೆ, ನೀವೊಬ್ರು ಕೆಟ್ಟಿರೋದೇ ಕೊಡಿ ಅಂತೀರ."

"ಪೂರ್ತಿ ಸತ್ತಿರೋದು ಬೇಡ ಸಾಬ್ರೆ, ಸ್ವಲ್ಪ ಜೀವ ಇರೋದು ಕೊಡಿ."

"ಜೀವ ಇದೆಯೋ ಇಲ್ವೋ ನಂಗೇನ್ ಗೊತ್ತು? ನಾನು ತೂಕ ಹಾಕೋನು" ಎಂದು ಅವರು ನಗುತ್ತಿದ್ದರು.

ಯಾಕೆ ಈ ಹುಚ್ಚು ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಒಂದು ರೇಡಿಯೊ ಕೆಟ್ಟರೆ ಯಾಕೆ ಕೆಟ್ಟಿತು ಅನ್ನುವುದಕ್ಕೆ ಉತ್ತರ ಇರುತ್ತದೆ. ಮೀಟರಿನ ಎರಡು ಕಡ್ಡಿ ಹಿಡಿದುಕೊಂಡು ಇಲ್ಲಿಯವರೆಗೆ ಸರಿ, ಇಲ್ಲಿಯವರೆಗೆ ಸರಿ, ಇಲ್ಲಿ ಕಡಿದಿದೆ ಎಂದು ಬೆರಳಿಟ್ಟು ತೋರಿಸಬಹುದು. ನನ್ನ ಮದುವೆ ಎಲ್ಲಿ ಕಡಿಯಿತು ಎಂದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅವರು ಹೊಡೆದವರಲ್ಲ, ಕುಡಿದವರಲ್ಲ. ಬರಬರುತ್ತಾ ಮಾತು ನಿಂತಿತು, ಅಷ್ಟೇ.

ಮನೆಯ ಒಡತಿ ಗೌರಮ್ಮನವರ ಪರಿಚಯವಾದದ್ದು ಜಗಳದಿಂದ. ಒಂದು ಸಂಜೆ ಗುಜರಿಯ ಮಿಕ್ಸಿಯನ್ನು ಬಿಚ್ಚಿ ಜೋಡಿಸಿ ಧೈರ್ಯವಾಗಿ ಪ್ಲಗ್ಗು ಹಾಕಿದೆ. ಠಪ್ಪೆಂದು ಸದ್ದಾಗಿ ಇಡೀ ಮನೆಯ ಕರೆಂಟು ಹೋಯಿತು. ಮುಂದಿನ ಮನೆಯಿಂದ ಗೌರಮ್ಮ ಟಾರ್ಚು ಹಿಡಿದು ಬಂದೇಬಿಟ್ಟರು. ದಪ್ಪ ಮೈ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ.

"ಏನ್ ಮಾಡ್ದಮ್ಮಾ? ಅಲ್ಲಿ ಸೊಸೆ ಹಾಲಿಗೆ ವಿಷ ಹಾಕ್ತಾ ಇದ್ರು. ಕುಡುದ್ಲೋ ಇಲ್ವೋ ಗೊತ್ತಾಗ್ಲಿಲ್ಲ!"

ಒಂದು ಕ್ಷಣ ನನಗೆ ಜೀವವೇ ಹೋಯಿತು. ಆಮೇಲೆ ಅದು ಟಿವಿ ಧಾರಾವಾಹಿಯ ಸೊಸೆ ಎಂದು ತಿಳಿಯಿತು. ಟಾರ್ಚಿನ ಬೆಳಕನ್ನು ಅವರು ನನ್ನ ಮೇಜಿನ ಮೇಲೆ ಆಡಿಸಿದರು.

"ಇದೆಲ್ಲ ನೀನೇ ರಿಪೇರಿ ಮಾಡ್ತೀಯಾ? ಹೆಂಗಸ್ರು ಮಾಡ್ತಾರಾ ಇದ್ನ?"

"ಕಲೀತಾ ಇದೀನಿ."

"ಕಲಿ ಕಣಮ್ಮ, ಯಾರ್ ಬ್ಯಾಡ ಅಂದ್ರು. ಸೀರಿಯಲ್ ಟೈಮಲ್ಲಿ ಮಾತ್ರ ಕಲೀಬ್ಯಾಡ."

ಗೌರಮ್ಮನವರ ಯಜಮಾನರೇ ರುದ್ರಣ್ಣನವರು. ಹಿಂದೆ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು, ಈಗ ವ್ಯಾಪಾರ ಮಗನಿಗೆ ಬಿಟ್ಟುಕೊಟ್ಟಿದ್ದರು. ಎರಡೂ ಪೋರ್ಷನ್ನಿಗೆ ಸೇರಿದ ಹಿತ್ತಿಲ ಜಗಲಿಯಲ್ಲಿ ದಿನವೂ ಸಂಜೆ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದರು. ಪೊರಕೆ ಮಾಡಲೇಬೇಕಾದ ಅಗತ್ಯ ಆ ಮನೆಗಿರಲಿಲ್ಲ. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ, ಮಗ, ಸೊಸೆ ಎಲ್ಲ ಇದ್ದರು, ಕಡೆಗಣಿಸಿದವರು ಯಾರೂ ಇಲ್ಲ. ಆದರೆ ಕಿವುಡರ ಹತ್ತಿರ ಯಾರೂ ವಾಕ್ಯ ಆಡುವುದಿಲ್ಲ, ಬರೀ ಪದ ಕೂಗುತ್ತಾರೆ. "ಊಟ!" "ಸ್ನಾನ!" "ಮಾತ್ರೆ!" ದಿನವಿಡೀ ಅವರ ಕಿವಿಗೆ ಬೀಳುತ್ತಿದ್ದದ್ದು ಇಷ್ಟೇ. ಮೊಮ್ಮಕ್ಕಳು ಏನು ಓದುತ್ತಿದ್ದಾರೆ, ಕೊಬ್ಬರಿ ಏನು ದರಕ್ಕೆ ಹೋಯಿತು, ಯಾರು ಯಾಕೆ ನಕ್ಕರು, ಒಂದನ್ನೂ ಯಾರೂ ಕೂಗಿ ಹೇಳುವುದಿಲ್ಲ.

ಬೆಸುಗೆಯ ಹೊಗೆ ಒಳಗೆ ತುಂಬಿಕೊಳ್ಳುತ್ತದೆಂದು ನಾನು ಮೇಜನ್ನು ಹಿಂಬಾಗಿಲಿಗೆ ಎಳೆದುಕೊಂಡೆ. ಶೀಟಿನ ಮೇಲೆ ಆಷಾಢದ ಜಿಟಿಜಿಟಿ ಮಳೆ. ಆ ಕಡೆ ರುದ್ರಣ್ಣನವರು ಗರಿ ಸೀಳುತ್ತಾ, ಈ ಕಡೆ ನಾನು ವೈರು ಸುಲಿಯುತ್ತಾ. ನಾಲ್ಕು ದಿನ ಸುಮ್ಮನೆ ಕೂತೆವು. ಆಮೇಲೆ ಒಂದು ಸಂಜೆ ಬಾಯಿ ತಡೆಯದೆ "ಈ ಕೆಪಾಸಿಟರ್ ಉಬ್ಬಿದೆ ನೋಡಿ ಯಜಮಾನ್ರೆ, ಅದಕ್ಕೇ ಕೈ ಕೊಟ್ಟಿರೋದು" ಎಂದೆ. ಅವರು ಕತ್ತೆತ್ತಿ ನೋಡಿ "ಹೂಂ" ಎಂದರು. ಅವರಿಗೆ ಏನೂ ಕೇಳಿಸಿರಲಿಲ್ಲ. ನನ್ನ ತುಟಿ ಆಡಿದ್ದು ಕಂಡಿತ್ತು, ಮರ್ಯಾದೆಗೆ ಹೂಂ ಅಂದಿದ್ದರು.

ಆ ಒಂದು ಹೂಂ ಸಾಕಾಯಿತು ನನಗೆ. ಮೊದಲು ರೇಡಿಯೊಗಳ ಬಗ್ಗೆ ಹೇಳಿದೆ. ಆಮೇಲೆ ಕಚೇರಿಯವರ ಬಗ್ಗೆ. ಶ್ರಾವಣ ಬರುವಷ್ಟರಲ್ಲಿ ಎಲ್ಲವನ್ನೂ ಹೇಳತೊಡಗಿದ್ದೆ. ಒಂದೇ ಮನೆಯಲ್ಲಿ ಎರಡು ಕುಕ್ಕರು ಕೂಗುತ್ತಿದ್ದ ಕೊನೆಯ ದಿನಗಳು, ಕೋರ್ಟಿನ ಮೆಟ್ಟಿಲಿನ ಮೇಲೆ ಗಂಡನಾಗಿದ್ದವರು "ಬಸ್ಸಿಗೆ ಚಿಲ್ಲರೆ ಇದೆಯಾ?" ಎಂದು ಕೇಳಿದ್ದು, ಗೌರಿ ಹಬ್ಬಕ್ಕೆ ಈ ಸಲ ತವರಿನಿಂದ ಬಾಗಿನ ಬಾರದೇ ಇದ್ದದ್ದು. ನನ್ನ ಅಮ್ಮನಿಗೆ ಹೇಳದ್ದನ್ನು, ಗೆಳತಿಯರಿಗೆ ಹೇಳದ್ದನ್ನು, ಕೈಯಲ್ಲಿ ಕಾದ ಐರನ್ ಹಿಡಿದುಕೊಂಡು ಒಬ್ಬ ಕಿವುಡರಿಗೆ ಹೇಳಿದೆ. ಅವರು ಅಯ್ಯೋ ಅನ್ನುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ, ಇನ್ನೊಬ್ಬರ ಕಿವಿಗೆ ಹಾಕುವ ಭಯವೂ ಇರಲಿಲ್ಲ. ಆ ಮಳೆಗಾಲದಲ್ಲಿ ನನ್ನನ್ನು ಹುಚ್ಚು ಹಿಡಿಯದಂತೆ ಕಾಪಾಡಿದ್ದು ಆ ಜಗಲಿಯ ಸಂಜೆಗಳು ಎಂದರೆ ಹೆಚ್ಚು ಮಾಡಿ ಹೇಳಿದಂತಲ್ಲ.

ದಸರೆ ಹತ್ತಿರ ಬಂತು. ಅಟ್ಟ, ಬೀರು ಎಲ್ಲ ಇಳಿಸಿ ಒರೆಸುತ್ತಿದ್ದ ಗೌರಮ್ಮ ಒಂದು ಮಧ್ಯಾಹ್ನ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಅದಕ್ಕೆ ವೈರು, ವೈರಿನ ತುದಿಗೆ ಕಿವಿಗೆ ಹಾಕುವ ಗುಂಡಿ. ಜೇಬಿನಲ್ಲಿಟ್ಟುಕೊಳ್ಳುವ ಹಳೆಯ ನಮೂನೆಯ ಕಿವಿ ಮಿಷನ್ನು.

"ಇದು ನಮ್ಮ ಯಜಮಾನ್ರದು ಕಣಮ್ಮ. ಯಾರೋ ಬಳಸಿದ್ದನ್ನೇ ತಂದಿದ್ದು, ಚೆನ್ನಾಗಿ ಕೇಳಿಸ್ತಿತ್ತು. ಹೋದ ವರ್ಷದ ಆಯುಧಪೂಜೆ ದಿನ ಕೆಟ್ಟೋಯ್ತು."

"ಹೇಗೆ ಕೆಡ್ತು?"

ಗೌರಮ್ಮ ಸೆರಗಿನಿಂದ ಪೆಟ್ಟಿಗೆ ಒರೆಸುತ್ತಾ ಹೇಳಿದರು. "ಹೊಲಿಗೆ ಮಿಷನ್ನು, ಗ್ರೈಂಡರು, ಮಗನ ಬೈಕು, ಎಲ್ಲ ತೊಳ್ದು ವಿಭೂತಿ ಹಚ್ಚಿದ್ದೆ. ಇದೂ ಮಿಷನ್ನೇ ಅಲ್ವಾ? ದಿನಾ ಅನ್ನ ಹಾಕೋ ಮಿಷನ್‌ಗಿಂತ ಇದೇ ದೊಡ್ಡದು ಅನ್ನುಸ್ತು. ಇದನ್ನೂ ತೊಳ್ದೆ."

ನಗು ಬಂತು, ನಗಲಿಲ್ಲ. ಅವರ ಕಣ್ಣು ತುಂಬಿತ್ತು.

"ಹೊಸದು ತರೋಣ ಅಂದ್ರೆ ಬ್ಯಾಡ್ವೇ ಬ್ಯಾಡ ಅಂತಾರೆ. ಇದ್ದದ್ದನ್ನ ನೀರಿಗ್ ಹಾಕ್ದೆ, ಇನ್ನೊಂದ್ ತಂದು ಎಲ್ಲಿಗ್ ಹಾಕ್ತೀಯ ಅಂತಾರೆ. ಮೆತ್ತಗೆ ಒಂದ್ ಮಾತಾಡಿ ವರ್ಷ ಆಗ್ತಾ ಬಂತು ಕಣಮ್ಮ. ಗಂಡ ಹೆಂಡ್ತಿ ಮಾತನ್ನ ಬೀದಿಗೆ ಕೇಳಂಗೆ ಹ್ಯಂಗ್ ಕೂಗೋದು? ಅಷ್ಟೊಂದ್ ರೇಡಿಯೋ ಮಾಡ್ತೀಯಲ್ಲ, ಇದೊಂದ್ ನೋಡಮ್ಮ."

ನೋಡುತ್ತೇನೆ ಎಂದೆ. ಅವರು ಹೋದ ಮೇಲೆ ಆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಇದು ಸರಿಯಾದರೆ ರುದ್ರಣ್ಣನವರಿಗೆ ಕೇಳಿಸುತ್ತದೆ. ಕೇಳಿಸಿದರೆ ನಾನು ಅವರ ಹತ್ತಿರ ಮಾತಾಡಲಾರೆ. ಗುಬ್ಬಿಯಲ್ಲಿ ನನಗಿದ್ದದ್ದು ಅದೊಂದೇ ಜಗಲಿ. ರಿಪೇರಿ ಆಗದೇ ಹೋಗಲಿ ಎಂದು ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು. ಆದರೆ ಕೆಟ್ಟ ವಸ್ತು ಎದುರಿಗಿದ್ದಾಗ ನನ್ನ ಕೈ ಮನಸ್ಸಿನ ಮಾತು ಕೇಳುವುದಿಲ್ಲ. ತಿರುಪುಳಿ ಆಗಲೇ ಕೈಗೆ ಬಂದಿತ್ತು.

ಮುಚ್ಚಳ ತೆಗೆದರೆ ಬೋರ್ಡಿನ ಮೇಲೆ ಒಣಗಿದ ವಿಭೂತಿ ಪದರಗಟ್ಟಿತ್ತು. ಬ್ಯಾಟರಿ ಕೂರುವ ಸ್ಪ್ರಿಂಗಿಗೆ ಹಸಿರು ಕಿಲುಬು. ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದೆ. ವಿಭೂತಿ ಹೋದ ಕಡೆ ತಾಮ್ರದ ಗೆರೆಯೊಂದು ತಿಂದುಹೋಗಿರುವುದು ಕಾಣಿಸಿತು. ಕೂದಲೆಳೆಯಂಥ ವೈರಿಟ್ಟು ಸೇತುವೆ ಕಟ್ಟಿದೆ. ಆದರೂ ಉಸಿರಿಲ್ಲ. ಮೀಟರ್ ಹಿಡಿದು ಹುಡುಕಿದರೆ ಸದ್ದು ಹಿಡಿಯುವ ಮೈಕೇ ಸತ್ತಿತ್ತು. ಭಾನುವಾರ ಬಾಷಾ ಸಾಬರ ರಾಶಿಯಲ್ಲಿ ಮುಳುಗಿ, ಮೈಕಿರುವ ಹಳೆಯ ಟೇಪ್‌ರೆಕಾರ್ಡರೊಂದನ್ನು ಹುಡುಕಿ ತಂದೆ. "ಇಷ್ಟು ದೊಡ್ಡದು ಯಾಕೆ ಮೇಡಮ್?" ಎಂದರು. "ಅವರೆಕಾಳಷ್ಟು ಸಾಮಾನು ಬೇಕಿತ್ತು" ಎಂದೆ. ಅವರು ತಲೆ ಚಚ್ಚಿಕೊಂಡರು.

ಆ ಮೈಕನ್ನು ಕೂರಿಸಿ, ಹೊಸ ಬ್ಯಾಟರಿ ಹಾಕಿದೆ. ಕೆಂಪು ದೀಪ ಹತ್ತಿತು. ಗುಂಡಿಯನ್ನು ನನ್ನ ಕಿವಿಗೇ ಇಟ್ಟುಕೊಂಡೆ. ಮಳೆ ನಿಂತು ಶೀಟಿನಿಂದ ತೊಟ್ಟಿಕ್ಕುತ್ತಿದ್ದ ಹನಿ, ಮುಂದಿನ ಮನೆಯಲ್ಲಿ ಗೌರಮ್ಮ ಅಕ್ಕಿ ಆರಿಸುವಾಗ ಬಳೆ ಆಡಿದ್ದು, ಮೊರದಲ್ಲಿ ಅಕ್ಕಿ ಜರುಗಿದ್ದು. ಎಷ್ಟೆಲ್ಲ ಸದ್ದಿತ್ತು ಆ ಮನೆಯಲ್ಲಿ! ಒಂದು ವರ್ಷದಿಂದ ರುದ್ರಣ್ಣನವರಿಗೆ ಇದ್ಯಾವುದೂ ಇರಲಿಲ್ಲ. ನನ್ನ ಸಂಜೆಗಳು ಹೋದರೆ ಹೋಗಲಿ ಅನ್ನಿಸಿತು.

ಆಯುಧಪೂಜೆಯ ಹಿಂದಿನ ದಿನ ಅದನ್ನು ಒಯ್ದು ರುದ್ರಣ್ಣನವರ ಜೇಬಿಗೆ ಹಾಕಿ, ಗುಂಡಿಯನ್ನು ಕಿವಿಗೆ ಕೂರಿಸಿದೆ. ಅವರು ಬೆಚ್ಚಿ ನನ್ನ ಕೈ ಹಿಡಿದುಕೊಂಡರು. ಗೌರಮ್ಮ ಎದುರಿಗೆ ನಿಂತಿದ್ದರು. ಅಭ್ಯಾಸಬಲದಿಂದ ಕೂಗಲು ಬಾಯಿ ತೆರೆದವರು ತಡೆದುಕೊಂಡು, ಹತ್ತಿರ ಬಗ್ಗಿ, ಎಷ್ಟು ಮೆಲ್ಲಗೆ ಏನೋ ಹೇಳಿದರೆಂದರೆ ಪಕ್ಕದಲ್ಲೇ ಇದ್ದ ನನಗೂ ಕೇಳಿಸಲಿಲ್ಲ. ರುದ್ರಣ್ಣನವರು ನಕ್ಕರು. ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡರು. ನಾನು ಅಲ್ಲಿರಬಾರದು ಅನ್ನಿಸಿ ಎದ್ದು ಬಂದೆ. ಮರುದಿನ ಪೂಜೆಯಲ್ಲಿ ಗೌರಮ್ಮ ಮಿಷನ್ನಿನ ಹತ್ತಿರ ಒಂದು ಹೂವಿಟ್ಟು, ಮುಟ್ಟದೆ, ಮಾರು ದೂರದಿಂದ ಆರತಿ ಬೆಳಗಿದರಂತೆ.

ನಾನು ಅಂದುಕೊಂಡದ್ದೇ ಆಯಿತು. ಆ ವಾರ ಜಗಲಿಗೆ ಬಂದ ರುದ್ರಣ್ಣನವರು ಗರಿ ಕೆಳಗಿಟ್ಟು, ವರ್ಷದಿಂದ ಕೂಡಿಟ್ಟ ಆಸೆಯಿಂದ ನನ್ನ ಕಡೆ ತಿರುಗಿ ಮಾತಿಗಿಳಿದರು.

"ಯಾವೂರವ್ವ ನಿಂದು?"

"ಅಮೃತೂರು."

"ಮನೆಯವ್ರು ಏನ್ ಮಾಡ್ಕೊಂಡವ್ರೆ?"

ಎಷ್ಟೊಂದು ಸಂಜೆ ನಾನು ಅತ್ತು ಹೇಳಿದ್ದರಲ್ಲಿ ಒಂದು ಅಕ್ಷರವೂ ಅವರಿಗೆ ಮುಟ್ಟಿಲ್ಲ ಎಂದು ನನಗೆ ಗೊತ್ತೇ ಇತ್ತು. ಆದರೂ ಆ ಪ್ರಶ್ನೆ ಅವರ ಬಾಯಿಂದ ಬಂದಾಗ, ಹತ್ತಿರದವರೊಬ್ಬರು ನನ್ನ ಗುರುತೇ ಮರೆತಂತೆ ನೋವಾಯಿತು. "ಬೆಂಗ್ಳೂರಲ್ಲಿದಾರೆ" ಎಂದೆ. ಅವರು ತಲೆಯಾಡಿಸಿದರು. ಅಲ್ಲಿಂದ ಮುಂದೆ ನಾನೂ ಪದಗಳಿಗೆ ಇಳಿದೆ. ಆಯ್ತು, ಹೌದು, ಪರವಾಗಿಲ್ಲ. ಮೇಜನ್ನು ಬಾಗಿಲಿನಿಂದ ಒಳಕ್ಕೆ ಎಳೆದುಕೊಂಡೆ. ಹೊಗೆ ಕಣ್ಣಿಗೆ ಚುಚ್ಚುತ್ತಿತ್ತು. ಅವರ ಮನೆಯಲ್ಲಿ ಈಗ ದಿನವೂ ಮಾತು, ನಗು. ಅವರಿಗಾಗಿ ನಿಜಕ್ಕೂ ಸಂತೋಷವಿತ್ತು. ಗೋಡೆಯ ಈ ಕಡೆ ಮಾತ್ರ ಆ ಮಳೆಗಾಲದ ಮೊದಲ ದಿನಗಳಿಗಿಂತ ಹೆಚ್ಚು ನಿಶ್ಶಬ್ದವಾಗಿತ್ತು.

ಕಾರ್ತೀಕದ ಚಳಿ ಶುರುವಾದಾಗ ಅಮೃತೂರಿನಿಂದ ಅಣ್ಣನ ಫೋನು ಬಂತು. ಹೊಸ ಮನೆ ಕಟ್ಟಿಸಿದ್ದ, ಗೃಹಪ್ರವೇಶ.

"ನೀನು ಹಿಂದಿನ್ ದಿನ ಬಂದು ಮನೆ ನೋಡ್ಕಂಡು ಹೋಗ್ಬುಡು ಕಣೇ. ಅವತ್ತು ಬೀಗ್ರೆಲ್ಲ ಬರ್ತಾರೆ. ಒಬ್ಳೇ ಬಂದಿದ್ದು ನೋಡುದ್ರೆ ನೂರೆಂಟು ಕೇಳ್ತಾರೆ. ನಿನ್ ಒಳ್ಳೇದಕ್ಕೇ ಹೇಳ್ತಿರೋದು."

"ಆಯ್ತಣ್ಣ" ಎಂದು ಫೋನಿಟ್ಟೆ. ಒಳಗೆ ಇರಲಾಗದೆ ಹಿಂಬಾಗಿಲಿನ ಹೊಸ್ತಿಲ ಮೇಲೆ ಬಂದು ಕೂತೆ. ಕೈಯಲ್ಲಿ ಒಂದು ಬಿಚ್ಚಿದ ರೇಡಿಯೊ ಇತ್ತು, ಅದನ್ನು ನೋಡುತ್ತಲೂ ಇರಲಿಲ್ಲ. ರುದ್ರಣ್ಣನವರು ಗರಿಯ ಹೊರೆ ಹಿಡಿದು ಬಂದು ತಮ್ಮ ಜಾಗದಲ್ಲಿ ಕೂತರು. ಒಂದೆರಡು ಕಡ್ಡಿ ಸೀಳಿದರು. ನನ್ನ ಮುಖ ನೋಡಿದರು.

"ಯಾಕವ್ವ, ಮೈಗ್ ಹುಷಾರಿಲ್ವಾ?"

"ಏನಿಲ್ಲ ಯಜಮಾನ್ರೆ. ತಲೆನೋವು."

ಅವರು ಇನ್ನೊಂದು ಕಡ್ಡಿ ಸೀಳಿ ಪಕ್ಕಕ್ಕಿಟ್ಟರು. ಆಮೇಲೆ, "ಮಳೆಗಾಲ್ದಾಗೆ ದಿನಾ ಅದೇನೋ ಹೇಳ್ತಿದ್ದೆ ಕಣವ್ವ ನೀನು. ಅಳ್ತಾ ಇರದೂ ಕಾಣ್ತಿತ್ತು. ಈ ಮಿಷನ್ ಹಾಕ್ಕೊಂಡ್ ಮ್ಯಾಲೆ ನಿಲ್ಸ್‌ಬುಟ್ಟೆ" ಎಂದರು.

ನಾನು ಉತ್ತರ ಕೊಡುವ ಮೊದಲೇ ಅವರು ಕಿವಿಯ ಗುಂಡಿ ಎಳೆದು ತೆಗೆದರು. ಜೇಬಿನಿಂದ ಪೆಟ್ಟಿಗೆ ತೆಗೆದು, ಕೆಂಪು ದೀಪ ಆರಿಸಿ, ವೈರನ್ನು ಅದಕ್ಕೆ ಸುತ್ತಿ ನನ್ನ ಪಕ್ಕದ ಹೊಸ್ತಿಲ ಮೇಲಿಟ್ಟರು. ಗರಿಯನ್ನು ಕೈಗೆತ್ತಿಕೊಂಡು, ನನ್ನ ಕಡೆ ನೋಡದೆ, ಕಿವುಡರಾಡುವ ಆ ದೊಡ್ಡ ದನಿಯಲ್ಲಿ ಹೇಳಿದರು:

"ಈಗ ಹೇಳವ್ವ. ನಂಗೇನೂ ಕೇಳ್ಸಾಕಿಲ್ಲ."